ಕುಂಟು ಕುರ್ಚಿ

ಮಾರಣ್ಣ ಮಗಳ ಅರ್ಜಿಗಳನ್ನು ಟಿಕೇಟಿನ ಚೀಲದಲ್ಲಿಟ್ಟುಕೊಂಡು ಊರೂರಿಗೆ ಮುಟ್ಟಿಸಿ ಬಂದ ದಿನ, ಮನೆಯಲ್ಲಿ ಬಡಿಸಿದ ಮುದ್ದೆ ಆರಿ ಗಟ್ಟಿಯಾದರೂ ಯಾರೂ ಮುರಿಯಲಿಲ್ಲ. ಎಲ್ಲರಿಗೂ ಮೊದಲು ಸುದ್ದಿ ಬೇಕಾಗಿತ್ತು.

"ಸಿರಾದೋರು ಏನಂದ್ರಪ್ಪ?" ಎಂದಳು ನಾಗಕ್ಕ.

"ತಡಿಯಮ್ಮಿ, ಕಾಲು ತೊಳ್ಕಂಡು ಬತ್ತೀನಿ."

"ಕಾಲು ಆಮ್ಯಾಕೆ ತೊಳಿಯೋವಂತೆ. ಮೊದ್ಲು ಬಾಯಿ ಬುಡು," ಎಂದಳು ಮಾರಣ್ಣನ ಅವ್ವ ಕೊಲ್ಲಾಪುರಮ್ಮ.

ಮಾರಣ್ಣ ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್. ಮಗಳು ನಾಗಕ್ಕ ಲಾ ಓದಿದ್ದು ಆ ಬಸ್ಸಿನಲ್ಲೇ ಎಂದರೂ ಸುಳ್ಳಲ್ಲ. ಬೆಳಿಗ್ಗೆ ಮಧುಗಿರಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗರಿಗೆ ಕೀಲಿಗಳ ಮೇಲೆ ಬೆರಳು ಕೂರಿಸುವುದು ಕಲಿಸಿ, ಮಧ್ಯಾಹ್ನದ ಟ್ರಿಪ್ಪಿಗೆ ಅಪ್ಪನ ಬಸ್ಸು ಹತ್ತುತ್ತಿದ್ದಳು. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತು, ಕೆಳಗಿಂದ ಇಂಜಿನ್ನಿನ ಕಾವು ಹೊಡೆಯುತ್ತಿದ್ದರೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ತುಮಕೂರಿನ ಸಂಜೆ ಕಾಲೇಜಿನಲ್ಲಿ ಪಾಠ ಕೇಳಿ ಕೊನೆಯ ಟ್ರಿಪ್ಪಿನಲ್ಲಿ ಅಪ್ಪನ ಜೊತೆಗೇ ವಾಪಸ್ಸು. ಅವಳು ಪಾಸಾಗುವ ಹೊತ್ತಿಗೆ ಪಿಯುಸಿ ಆದ ಮೇಲೆ ಐದು ವರ್ಷ ಓದುವ ಹೊಸ ಲಾ ಬಂದಿತ್ತು, ಅವಳದು ಮೂರು ವರ್ಷದ ಹಳೆಯದು. ಸಂಜೆ ಕಾಲೇಜಿನವರೆಂದರೆ ಹಗಲು ಕಾಲೇಜಿನವರು ಮೂಗು ಮುರಿಯುತ್ತಿದ್ದರು. ತಾನು ಓದಿದ್ದು ಅರ್ಧ ಲಾ ಏನೋ ಎಂಬ ಅಳುಕು ನಾಗಕ್ಕನಿಗೂ ಇತ್ತು. ಯಾರಾದರೂ 'ಎಲ್ಲಿ ಓದಿದ್ದು' ಎಂದು ಕೇಳಿದರೆ 'ತುಮಕೂರು' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು.

ಪಾಸಾಗಿ ಮನೆಯಲ್ಲಿ ಕೂತರೆ ಲಾಯರಾಗುವುದಿಲ್ಲ. ಯಾರಾದರೂ ಹಿರಿಯ ವಕೀಲರ ಆಫೀಸು ಸೇರಬೇಕು, ಅವರ ಹಿಂದೆ ಫೈಲು ಹೊತ್ತು ನಡೆಯಬೇಕು, ಬೈಗುಳ ತಿನ್ನಬೇಕು. ಅದಕ್ಕೇ ಈ ಅರ್ಜಿಗಳು.

"ಸಿರಾದ ಗಂಗಾಧರಯ್ಯನೋರು ಜಾಗ ಇಲ್ಲ ಅಂದವ್ರಂತೆ," ಎಂದ ಮಾರಣ್ಣ ಕೊನೆಗೂ. ಆ ಊರಿಗೆ ಅರ್ಜಿ ಒಯ್ದಿದ್ದವನು ಸಿರಾ ಬಸ್ಸಿನ ಕಂಡಕ್ಟರ್ ಗೆಳೆಯ. "ಎಂಗಸ್ರಿಗೆ ಅನುಕೂಲ ಇಲ್ಲ, ದೀಪಾವಳಿ ಕಳೀಲಿ ನೋಡಾನ ಅಂದ್ರಂತೆ."

"ಬಸ್ಸಿನಾಗೆ ಸೀಟಿಲ್ಲ, ಹಿಂದಿನ ಗಾಡಿಗೆ ಬಾ ಅಂತ ನೀನು ಅನ್ನಲ್ವಾ, ಅಂಗೆ," ಎಂದಳು ಕೊಲ್ಲಾಪುರಮ್ಮ.

"ಪಾವಗಡದೋರು?" ಎಂದಳು ನಾಗಕ್ಕ.

"ಅವ್ರು ಒಳ್ಳೇರೇ. ಕಾಫಿ ಕೊಟ್ರು. 'ಅಮ್ಮಾಯಿಕಿ ತೆಲುಗು ವಸ್ತುಂದಾ' ಅಂದ್ರು. ಅವ್ರ ಕಕ್ಷಿಗಾರ್ರೆಲ್ಲ ತೆಲುಗಿನೋರೇ ಅಂತೆ. ಅವ್ಳಿಗೆ ಬರಾಕಿಲ್ಲ, ನಂಗೆ ಬತ್ತದೆ ಸಾರ್, ಟಿಕೇಟಿನ ಮಟ್ಟಿಗೆ ಅಂದೆ."

ಮೂಲೆಯಲ್ಲಿ ಕಡ್ಲೇಕಾಯಿ ಸುಲಿಯುತ್ತಿದ್ದ ನಾಗಕ್ಕನ ಅವ್ವ ಹೊನ್ನಕ್ಕ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು. ಮಿಲ್ಲಿನಿಂದ ಕಾಯಿ ತಂದು ಸುಲಿದು ಕೊಡುವುದು ಅವಳ ಕೆಲಸ. ಮನೆಯಲ್ಲಿ ಯಾರು ಎಷ್ಟು ಕೂಗಾಡಿದರೂ ಅವಳ ಬೆರಳು ನಿಲ್ಲುತ್ತಿರಲಿಲ್ಲ.

"ಇನ್ನು ನಮ್ಮೂರ ನಂದೀಶ್ವರಯ್ಯನೋರು ನನಗೇ ಬೈದ್ರು. 'ವಾದ ಮಾಡೋಳು ಅವಳೋ ನೀನೋ? ಅವಳೇ ಬಂದು ಕೇಳ್ಲಿ' ಅಂದ್ಬುಟ್ರು."

"ಸರಿಯಾಗೇ ಅಂದವ್ರೆ," ಎಂದ ಅಜ್ಜ ಅಂಜನಪ್ಪ. ಅಷ್ಟು ಹೇಳಿ ಮುದ್ದೆ ಮುರಿದ. ಅಜ್ಜ ಕೈಯಿಟ್ಟ ಮೇಲೆ ಉಳಿದವರೂ ಕೈಯಿಟ್ಟರು.

ಆದರೆ ಮಾರಣ್ಣನ ಮಾತು ಮುಗಿದಿರಲಿಲ್ಲ. ಹಿಂದಿನ ವರ್ಷ ಅವನ ಬಲವಂತಕ್ಕೆ ನಾಗಕ್ಕ ಕೋರ್ಟಿನ ಟೈಪಿಸ್ಟ್ ಕೆಲಸದ ಪರೀಕ್ಷೆ ಬರೆದಿದ್ದಳು. ಪಟ್ಟಿಯಲ್ಲಿ ಹೆಸರು ಬಂದಿತ್ತು, ಆರ್ಡರು ಇವತ್ತೋ ನಾಳೆಯೋ ಎನ್ನುವಂತಿತ್ತು.

"ಸರ್ಕಾರಿ ಕೆಲ್ಸ ಬಾಗ್ಲಿಗೆ ಬತ್ತಾ ಐತೆ. ಅದನ್ನ ಬುಟ್ಟು ಕಂಡೋರ ಆಫೀಸ್ನಾಗೆ ಪುಕ್ಕಟೆ ಕೂತ್ಕಬೇಕಾ?"

"ಆ ಕೆಲ್ಸಕ್ಕೆ ಸೇರಿದ್ರೆ ಕೋರ್ಟ್ನಾಗೆ ನಾನು ಬಾಯಿ ಬುಡಂಗಿಲ್ಲಪ್ಪ. ವಕೀಲಿ ಮಾಡಂಗಿಲ್ಲ. ಬೇರೆಯೋರು ಆಡಿದ್ದನ್ನ ಟೈಪ್ ಒಡ್ಕಂಡು ಕೂತಿರ್ಬೇಕು, ಅಷ್ಟೇಯ."

"ಏನೀಗ? ನಾನೂ ಬೇರೆಯೋರು ಓಗೋ ಊರಿಗೆ ಟಿಕೇಟ್ ಅರ್ದು ನಿನ್ನ ಸಾಕ್ಲಿಲ್ವಾ?"

ಹೊನ್ನಕ್ಕ ಗಂಡನ ತಟ್ಟೆಗೆ ಇನ್ನೊಂದು ಸೌಟು ಹುಳ್ಳಿಸಾರು ಬಿಟ್ಟು, "ಆರ್ಡರು ಬಂದ ಮ್ಯಾಲೆ ಜಗಳ ಆಡ್ರಿ. ಈಗ ಉಣ್ರಿ," ಎಂದಳು.

*

ನಂದೀಶ್ವರಯ್ಯನವರ ಆಫೀಸು ಮಧುಗಿರಿಯ ಹಳೇ ಪೇಟೆಯ ಒಂದು ಮನೆ. ಬೆಟ್ಟದ ನೆರಳು ಸರಿದ ಮೇಲಷ್ಟೇ ಅದರ ಜಗುಲಿಗೆ ಬಿಸಿಲು ಬೀಳುತ್ತಿತ್ತು. ಕಕ್ಷಿಗಾರರು ಆ ಕಲ್ಲು ಜಗುಲಿಯಲ್ಲಿ ಕೂತು ಕಾಯಬೇಕು. ಒಳಗೆ ವಕೀಲರ ಮೇಜು, ಗೋಡೆ ತುಂಬ ಕಂದು ರಟ್ಟಿನ ಪುಸ್ತಕ, ಒಂದು ಮೂಲೆಯಲ್ಲಿ ಗುಮಾಸ್ತ ದಾಸಯ್ಯ, ಇನ್ನೊಂದು ಮೂಲೆಯಲ್ಲಿ ಜೂನಿಯರ್ ಕುರ್ಚಿ.

"ಸಂಜೆ ಕಾಲೇಜಾ?" ಎಂದು ಕೇಳಿದರು ನಂದೀಶ್ವರಯ್ಯ.

ನಾಗಕ್ಕ ಈ ಸಲ 'ತುಮಕೂರು' ಎನ್ನಲಿಲ್ಲ. "ಹೌದು ಸಾರ್."

"ಒಳ್ಳೇದಾಯ್ತು. ಹಗಲು ಓದಿದ ಇಬ್ಬರು ಬಂದಿದ್ರು. ಸಂಜೆ ಐದಾದರೆ ಎದ್ದು ಸಿನಿಮಾಕ್ಕೆ ಹೋಗೋರು. ನೀನು ಆ ಹೊತ್ತಿಗೇ ಪುಸ್ತಕ ತೆಗೆದೋಳು. ಹೆಸರೇನು?"

"ನಾಗಕ್ಕ."

"ಇದೊಂದು ಕಷ್ಟ. ಕೂಗಿದಾಗಲೆಲ್ಲ ಈ ವಯಸ್ಸಲ್ಲಿ ನಾನು ತಮ್ಮ ಆಗಬೇಕು."

"ಆಗಿ ಸಾರ್, ಒಂದಿಪ್ಪತ್ತು ವರ್ಷ ಇಳೀತದೆ," ಎಂದ ದಾಸಯ್ಯ ಫೈಲಿನಿಂದ ತಲೆಯೆತ್ತದೆ.

ಒಂದು ತಿಂಗಳು ನೋಡೋಣ ಎಂದರು. ಸರಿಹೋದರೆ ವಕೀಲಿ ಮಾಡಲು ಬೇಕಾದ ಸನ್ನದಿನ ಅರ್ಜಿಗೆ ನಡತೆಯ ಸಾಕ್ಷಿ ತಾವೇ ಹಾಕುವುದು, ಆಮೇಲೆ ಕರಿ ಕೋಟು, ಕೋರ್ಟು. ಸಂಬಳ ಕೇಳಬಾರದು. ನಾಗಕ್ಕ ತಲೆಯಾಡಿಸಿ ಕುರ್ಚಿಯಲ್ಲಿ ಕೂತಳು. ಕುರ್ಚಿ ಟಕ್ಕೆಂದು ಎಡಕ್ಕೆ ವಾಲಿತು. ಅದರ ಒಂದು ಕಾಲು ಮೋಟು. ಹಿಂದಿನ ಜೂನಿಯರುಗಳು ಕಾಗದ ಮಡಿಸಿ ಮಡಿಸಿ ಸಾಕಾಗಿ ಬಿಟ್ಟಿದ್ದರು. ಅವಳು ಟೈಪ್ ಮಾಡಿದಷ್ಟು ಹೊತ್ತೂ ಅದು ಟಕ್ ಟಕ್ ಎನ್ನುತ್ತಿತ್ತು. ನಂದೀಶ್ವರಯ್ಯ ಪ್ರತಿ ಟಕ್ಕಿಗೂ ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಮನೆಯಲ್ಲಿ ದಿನಾ ಸಂಜೆ ವಿಚಾರಣೆ. ಇವತ್ತು ಏನು ಮಾಡಿದೆ, ಸಾಹೇಬರು ಎಷ್ಟು ಸಲ ಬೈದರು, ದಾಸಯ್ಯನಿಗೆ ಯಾವ ಊರು. ಕೊಲ್ಲಾಪುರಮ್ಮ ಉಣ್ಣೆ ಹಿಂಜುತ್ತ ಕೇಳುತ್ತಿದ್ದಳು.

"ಜಗುಲಿ ಕಲ್ಲು ತಣ್ಣಗೆ ಕೊರೀತದೆ ಕಣಜ್ಜಿ. ಬಂದ ಮುದುಕ್ರು ನಿಂತೇ ಇರ್ತಾರೆ, ಕೂರಾಕಿಲ್ಲ."

"ಅದಕ್ಯಾಕೆ ಯೋಚ್ನೆ. ನಿಮ್ಮಜ್ಜಂದು ಒಂದು ಕಂಬ್ಳಿ ಒಯ್ದು ಹಾಸು. ನಮ್ಮನೇಲಿ ಇರೋದೇ ಅದಲ್ವಾ," ಎಂದಳು.

ಆ ಕಂಬಳಿಯ ವಿಷಯ ಒಂದಿಷ್ಟು ಹೇಳಬೇಕು. ಅಂಜನಪ್ಪ ತಮ್ಮ ಕುರುಬರ ಕಟ್ಟೆಮನೆಗೆ ಯಜಮಾನ. ಸುತ್ತ ಹತ್ತಾರು ಹಳ್ಳಿಯ ಕುಲದವರು ಜಗಳ ಬಂದರೆ ಸೋಮವಾರ ಅವನ ಮನೆಗೆ ಬರುತ್ತಿದ್ದರು. ಒಳಗೆ ಕರಿ ಕಂಬಳಿ ಹಾಸಿ, ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ಒಂದೇ ಚೊಂಬಿನಿಂದ ನೀರು ಕುಡಿಸುವುದು ಪದ್ಧತಿ. ಕಂಬಳಿ ಮೇಲೆ ಕೂತವರು ಸುಳ್ಳಾಡಬಾರದು. ಆಡಿದರೆ ಕುರಿಮಂದೆ ಉಳಿಯುವುದಿಲ್ಲ ಎಂದು ಹಿರಿಯರ ನಂಬಿಕೆ. ನೀರಿನ ಚೊಂಬು ತಂದಿಡುವುದು ನಾಗಕ್ಕ ಚಿಕ್ಕವಳಿದ್ದಾಗಿನಿಂದ ಮಾಡುತ್ತಿದ್ದ ಕೆಲಸ. ಅಜ್ಜ ಯಾವಾಗಲೂ ಹಿರಿಯನಿಂದ ಶುರು ಮಾಡುತ್ತಿದ್ದ. ದನಿ ಏರಿಸದೆ, "ಏಳಪ್ಪ, ಎಲ್ಲಿಂದ ಬಂತು?" ಎಂದು ಮೂಲಕ್ಕೆ ಕೈಹಾಕುತ್ತಿದ್ದ. ಲಾ ಓದಬೇಕೆಂಬ ಹುಚ್ಚು ನಾಗಕ್ಕನಿಗೆ ಹಿಡಿದದ್ದು ಕಾಲೇಜಿನಲ್ಲಲ್ಲ, ಆ ಚೊಂಬು ಹಿಡಿದು ಬಾಗಿಲಲ್ಲಿ ನಿಂತಾಗ.

ಮಾರನೆಯ ದಿನ ಆಫೀಸಿನ ಜಗುಲಿಗೆ ಕಂಬಳಿ ಬಂತು. ದಾಸಯ್ಯ ಕೈಯಾಡಿಸಿ ನೋಡಿ, "ಇನ್ನು ಕಕ್ಷಿಗಾರ್ರು ಎದ್ದು ಓಗೋದೇ ಇಲ್ಲ," ಎಂದ.

*

ಕೊಡಿಗೇನಹಳ್ಳಿ ಕಡೆಯ ಗಂಗಣ್ಣ ನಂದೀಶ್ವರಯ್ಯನವರ ಕಕ್ಷಿಗಾರ. ನಾಗಕ್ಕನ ಕುಲದವನೇ. ಬಾವಿ ಇರುವ ಜಮೀನಿನಲ್ಲಿ ತನಗೂ ಪಾಲು ಬೇಕೆಂದು ಅವನ ತಮ್ಮ ಜುಂಜಣ್ಣ ದಾವೆ ಹೂಡಿದ್ದ. ಜಮೀನು ಕೊಂಡದ್ದು ತನ್ನ ಸ್ವಂತ ದುಡಿಮೆಯಲ್ಲಿ, ಅಪ್ಪನ ಆಸ್ತಿಯಲ್ಲಲ್ಲ ಎಂದು ಗಂಗಣ್ಣನ ಜವಾಬು. ಕೋರ್ಟಿಗೆ ಕೊಟ್ಟ ಆ ಜವಾಬನ್ನು ಕುಂಟು ಕುರ್ಚಿಯಲ್ಲಿ ಕೂತು ಟೈಪ್ ಮಾಡಿದವಳು ನಾಗಕ್ಕನೇ.

ಒಂದು ಬೆಳಿಗ್ಗೆ ನಂದೀಶ್ವರಯ್ಯನವರೂ ದಾಸಯ್ಯನೂ ಕೋರ್ಟಿಗೆ ಹೋಗಿದ್ದಾಗ ಗಂಗಣ್ಣ ಬಂದ. ಹಿಂದೆಯೇ ಜುಂಜಣ್ಣ. ಇಬ್ಬರೂ ಮಾರಣ್ಣನ ಬಸ್ಸಿನಲ್ಲಿ ಮುಂದೊಬ್ಬ ಹಿಂದೊಬ್ಬ ಬಂದು, ಇಳಿದ ಮೇಲೆ ಬೈದಾಡಿಕೊಂಡು ಪೇಟೆಯುದ್ದಕ್ಕೂ ನಡೆದಿದ್ದರು.

"ಲಾಯರ್ ಮನೆ ಹೊಸ್ತಿಲು ತುಳಿದ್ರೆ ನೀನು ದೊಡ್ಡ ಮನ್ಸ ಆಗ್ಬುಡ್ತೀಯೇನ್ಲಾ?" ಎಂದು ಜುಂಜಣ್ಣ ಬೀದಿಯಿಂದಲೇ ಕೂಗಿದ.

"ಮೊದ್ಲು ತುಳಿದೋನು ನೀನು ಕಣ್ಲಾ!"

ಅಂಗಡಿಯವರು ಇಣುಕಿದರು. ನಾಗಕ್ಕ ಹೊರಗೆ ಬಂದಳು. ಆ ಹೊತ್ತಿನಲ್ಲಿ ಅವಳಿಗೆ ಕಾಲೇಜಿನ ಒಂದು ಸಾಲೂ ನೆನಪಾಗಲಿಲ್ಲ. ಚಿಕ್ಕಂದಿನಿಂದ ನೋಡಿದ್ದು ಮಾತ್ರ ಕೈಗೆ ಬಂತು.

"ಅಣ್ಣ ತಮ್ಮ ಬೀದೀಲಿ ನಿಂತು ಕೂಗಾಡಿದ್ರೆ ಚೆಂದವಾ? ಬನ್ನಿ, ಕೂತ್ಕಳಿ," ಎಂದಳು.

ಒಳಗಿನಿಂದ ಚೊಂಬಿನಲ್ಲಿ ನೀರು ತಂದಳು. ಇಬ್ಬರೂ ಕುಡಿದರು. ಇಬ್ಬರೂ ಕೂತರು. ಕೂತ ಮೇಲೆ ಗಂಗಣ್ಣ ತನ್ನ ಕೆಳಗೇನಿದೆ ಎಂದು ನೋಡಿದ. ಮೆಲ್ಲಗೆ ಕೈಯಿಂದ ಸವರಿದ. ಅವನ ಮುಖ ಬದಲಾದದ್ದನ್ನು ನಾಗಕ್ಕ ಕಂಡಳು, ಆದರೆ ನಿಲ್ಲಲಿಲ್ಲ.

"ಏಳಣ್ಣ, ಜಮೀನು ಕೊಂಡ ದುಡ್ಡು ಎಲ್ಲಿಂದ ಬಂತು?"

ಗಂಗಣ್ಣ ಕಂಬಳಿಯಿಂದ ಕೈ ತೆಗೆಯದೆ ನೆಲ ನೋಡುತ್ತ ಹೇಳಿದ: "ಅಪ್ಪನ ಮಂದೆ. ಅಕ್ಕಿರಾಂಪುರದ ಸಂತೇಲಿ ಮಾರಿದ್ದು. ಒಂದಿಷ್ಟು ನಾನೂ ಸೇರ್ಸಿದೆ. ಆದ್ರೆ ಮಂದೆ ಅಪ್ಪಂದೇಯ."

ಜುಂಜಣ್ಣ ದುರುಗುಟ್ಟಿ ನೋಡುತ್ತಿದ್ದವನು ಒಮ್ಮೆಲೇ ತಲೆ ತಗ್ಗಿಸಿದ. "ಇಷ್ಟು ದಿನ ಇದನ್ನ ಅನ್ಲಿಲ್ಲ ನೀನು," ಎಂದು ಎದ್ದು ಹೋದ.

ಸಾಹೇಬರು ಬರುವವರೆಗೆ ನಾಗಕ್ಕನಿಗೆ ಕಾಲು ನೆಲದ ಮೇಲಿರಲಿಲ್ಲ. ವರ್ಷದಿಂದ ಎಳೆದ ಕೇಸು ಒಂದು ಚೊಂಬು ನೀರಿನಲ್ಲಿ ಸಡಿಲವಾಗಿತ್ತು. ಅವರು ಬಂದು ಕೋಟು ತೆಗೆಯುವುದಕ್ಕೂ ಬಿಡದೆ ಎಲ್ಲ ಹೇಳಿದಳು.

ನಂದೀಶ್ವರಯ್ಯ ಒಂದು ತೋಳಿನಲ್ಲಿ ಕೋಟು ನೇತಾಡುತ್ತಿದ್ದ ಹಾಗೆಯೇ ನಿಂತರು.

"ಜವಾಬು ಯಾರು ಟೈಪ್ ಮಾಡಿದ್ದು?"

"ನಾನೇ ಸಾರ್."

"ಅದರಲ್ಲಿ ಏನಂತ ಇದೆ?"

ಆಗ ಅವಳಿಗೆ ಹೊಳೆಯಿತು. ಸ್ವಂತ ದುಡಿಮೆ ಎಂದು ಟೈಪ್ ಮಾಡಿದವಳು ತಾನೇ.

"ನನ್ನ ಕಕ್ಷಿಗಾರನನ್ನ, ನನ್ನ ಜಗುಲಿ ಮೇಲೆ, ಎದುರು ಪಾರ್ಟಿ ಪಕ್ಕದಲ್ಲಿ ಕೂರಿಸಿ, ನೀನು ಪಾಟೀಸವಾಲು ಮಾಡಿದೀಯ! ಎದುರಿನ ವಕೀಲರೂ ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ. ಬಾರ್ ರೂಮಲ್ಲಿ ಈಗಾಗಲೇ ನಗ್ತಿದಾರೆ. ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಈಗ ಗೊತ್ತಾಯ್ತು."

"ಸಾರ್, ನಿಜ ಏನು ಅಂತ..."

"ಕಂಬಳಿ ಮಡಿಸಿಕೊಂಡು ಮನೆಗೆ ಹೋಗು. ನಾಳೆ ಬರಬೇಡ."

*

ಅವತ್ತೇ ಸಂಜೆ ಟೈಪಿಸ್ಟ್ ಕೆಲಸದ ಆರ್ಡರೂ ಬಂದು ಕೂತಿತ್ತು. ಸಿರಾ ಕೋರ್ಟು. ಮುಂದಿನ ಸೋಮವಾರದೊಳಗೆ ಸೇರಬೇಕು.

"ನೋಡಿದ್ಯಾ, ಒಂದು ಬಾಗ್ಲು ಮುಚ್ಚಿದ್ರೆ ಇನ್ನೊಂದು ತೆಗೀತದೆ," ಎಂದ ಮಾರಣ್ಣ. ಮಗಳು ಅಳುತ್ತಿದ್ದುದರಿಂದ ಖುಷಿಯನ್ನು ಆದಷ್ಟು ಬಚ್ಚಿಟ್ಟುಕೊಂಡೇ ಹೇಳಿದ. "ಸಿರಾ ಬಸ್ಸಿನಾಗೆ ದಿನಾ ಮುಂದ್ಲು ಸೀಟು ಇಡಾಕೆ ಹೇಳ್ತೀನಿ."

"ಮಗು ಅಳ್ತಾ ಐತೆ, ನಿಂಗೆ ಸೀಟಿನ ಚಿಂತೆ," ಎಂದಳು ಕೊಲ್ಲಾಪುರಮ್ಮ. "ಇವ್ಳು ಮಾಡಿದ್ದು ತಪ್ಪೇನ್ಲಾ? ನಿಜ ಆಡ್ಸೋದು ತಪ್ಪಾ? ಆ ಲಾಯರಪ್ಪನ್ನ ಇಲ್ಲಿಗೆ ಕರ್ಕಂಬಾ, ನಾನು ಕೇಳ್ತೀನಿ."

ನಾಗಕ್ಕ ಕಣ್ಣೊರೆಸಿಕೊಂಡು ಅಜ್ಜನ ಕಡೆ ನೋಡಿದಳು. ಅವನು ತನ್ನ ಪರ ಮಾತಾಡುತ್ತಾನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಅಂಜನಪ್ಪ ಮಡಿಸಿಟ್ಟ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಅಂಟಿದ್ದ ಹುಲ್ಲುಕಡ್ಡಿ ಆರಿಸುತ್ತಿದ್ದ.

"ತಪ್ಪೇ," ಎಂದ.

ಹೊನ್ನಕ್ಕನ ಬೆರಳು ಕಡ್ಲೇಕಾಯಿಯ ಮೇಲೆ ನಿಂತಿತು.

"ಕಂಬ್ಳಿ ಹಾಸೋಕೆ ಮುಂಚೆ ನಾನು ಏನು ಮಾಡ್ತೀನಿ?"

"ನೀರು ಕೊಡುಸ್ತೀಯ."

"ಅದುಕ್ಕೂ ಮುಂಚೆ. ಬೇವಿನ ಮರದ ತಾವ."

ನಾಗಕ್ಕನಿಗೆ ಗೊತ್ತಿರಲಿಲ್ಲ. ಅವಳು ಯಾವಾಗಲೂ ಒಳಗೆ ಚೊಂಬು ತುಂಬಿಸುತ್ತಿದ್ದಳು.

"ಒಬ್ಬೊಬ್ರನ್ನೇ ಕರ್ದು ಕೇಳ್ತೀನಿ ಕಣಮ್ಮಿ. ಕಂಬ್ಳಿ ಮ್ಯಾಲೆ ಕೂರ್ತೀಯಾ, ಇಲ್ಲಾ ಬೇರೆ ದಾರಿ ನೋಡ್ಕತೀಯಾ ಅಂತ. ಕೂರಾಕಿಲ್ಲ ಅಂದೋನ್ನ ಕೈ ಮುಗ್ದು ಕಳಿಸ್ತೀನಿ. ಎಷ್ಟು ಜನ ಅಂಗೆ ವಾಪಸ್ ಓಗವ್ರೆ ಗೊತ್ತಾ? ಗಂಗಣ್ಣನ್ನ ನೀನು ಕೇಳಿದ್ಯಾ?"

"ಇಲ್ಲ."

"ಸುಳ್ಳು ಬರ್ಸಿದ್ದು ಅವನ ತಪ್ಪು. ಆದ್ರೆ ಅವ್ನು ನಿಮ್ ಆಫೀಸಿಗೆ ಬಂದಿದ್ದು ನೆರಳಿಗೆ. ಒಳಗೆ ಕರ್ದು ಒಬ್ಬನ್ನೇ ಕೇಳಿದ್ರೆ, ನಿಂಗೆ ಇದನ್ನೇ ಏಳ್ತಿದ್ದ. ಆಮೇಲೆ ಏನು ಮಾಡ್ಬೇಕು ಅಂತ ನೀವು ಮೂರು ಜನ ಕೂತು ನೋಡ್ಬೌದಾಗಿತ್ತು. ನೀನು ಅವ್ನ ದಾಯಾದಿ ಮುಂದೆ ಬಿಚ್ಚಿಸ್ಬುಟ್ಟೆ. ಅದೂ ನನ್ ಕಂಬ್ಳಿ ಹಾಕಿ."

"ಅಜ್ಜಿ ಕೊಟ್ಟಿದ್ದು..." ಎಂದಳು ನಾಗಕ್ಕ ಸಣ್ಣ ದನಿಯಲ್ಲಿ.

"ಅವ್ಳಿಗೂ ಸೇರ್ಸೇ ಏಳ್ತಿರೋದು."

"ನನ್ನ ಯಾಕೆ ಎಳೀತೀಯ? ನಾನು ಕುಂಡಿ ತಣ್ಣಗಾಯ್ತದೆ ಅಂತ ಕೊಟ್ಟೆ," ಎಂದಳು ಕೊಲ್ಲಾಪುರಮ್ಮ. ಹೊನ್ನಕ್ಕ ನಕ್ಕುಬಿಟ್ಟಳು. ಅಂಜನಪ್ಪ ಮಾತ್ರ ನಗಲಿಲ್ಲ.

"ತಪ್ಪುಕಾಣಿಕೆ ಕೊಡ್ಬೇಕು. ಗಂಗಣ್ಣನ ಮನೆ ಬಾಗ್ಲಿಗೆ ಓಗಿ ತಪ್ಪಾಯ್ತು ಅನ್ನು. ಆಮ್ಯಾಲೆ ನಿಮ್ ಸಾಹೇಬ್ರಿಗೆ ಅನ್ನು. ಕೆಲ್ಸ ಕೊಡಿ ಅಂತ ಕೇಳಾಕಲ್ಲ. ತಪ್ಪಾಯ್ತು ಅನ್ನೋಕೆ."

"ಅಪ್ಪ, ಅದೆಲ್ಲ ಈಗ ಯಾಕೆ, ಸೋಮವಾರ ಸಿರಾಕ್ಕೆ..." ಎಂದು ಮಾರಣ್ಣ ಶುರು ಮಾಡಿದ.

"ಸಿರಾಕ್ಕೆ ಓಗ್ಲಿ, ಲಂಕೆಗೆ ಓಗ್ಲಿ. ಇದು ಮುಗ್ಸಿ ಓಗ್ಲಿ."

*

ಶನಿವಾರ ಮಾರಣ್ಣನೇ ಮಗಳನ್ನು ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಹೋದ. ಅಡ್ಡರಸ್ತೆಯಲ್ಲಿ ಇಳಿಸುವಾಗ, "ಬೈದ್ರೆ ಬೈಸ್ಕ. ತಿರುಗಿ ಮಾತಾಡ್ಬ್ಯಾಡ. ವಾಪಸ್ ಟ್ರಿಪ್ಪಿಗೆ ಇಲ್ಲೇ ನಿಂತಿರು, ನಿಂತಿಲ್ಲಾಂದ್ರೂ ಗಾಡಿ ನಿಲ್ಲುಸ್ತೀನಿ," ಎಂದು ಸೀಟಿ ಊದಿದ.

ಗಂಗಣ್ಣನ ಹೆಂಡತಿ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ಯಾರೆಂದು ತಿಳಿದ ಕೂಡಲೇ ಕುಟ್ಟುವುದು ಜೋರಾಯಿತು.

"ಬಾರವ್ವ ಲಾಯರಮ್ಮ. ಇನ್ನೇನು ಉಳ್ದೈತೆ, ಅದನ್ನೂ ಕೇಳ್ಕಂಡು ಓಗು. ನಮ್ ಮದ್ವೆ ಸೀರೆ ಎಲ್ಲಿಂದ ಬಂತು ಅಂತ ಕೇಳಾಕಿಲ್ವಾ? ಫೀಜು ಕೊಟ್ಟು ಬಾಯಿ ಕಟ್ಸ್ಕಳ್ಳೋರ್ನ ನೋಡಿವ್ನಿ, ಫೀಜು ಕೊಟ್ಟು ಬಾಯಿ ಬಿಡಿಸ್ಕಂಡೋನು ನನ್ ಗಂಡ ಒಬ್ನೇಯ!"

ನಾಗಕ್ಕ ನಿಂತು ಎಲ್ಲ ಕೇಳಿದಳು. ಕುಟ್ಟಾಣಿ ನಿಂತ ಮೇಲೆ ಹೇಳಿದಳು: "ತಪ್ಪಾಯ್ತಕ್ಕ. ಕಂಬ್ಳಿ ಮೇಲೆ ಕೂರ್ತೀರಾ ಅಂತ ನಾನು ಕೇಳ್ಬೇಕಾಗಿತ್ತು. ಕೇಳ್ಲಿಲ್ಲ. ಅಣ್ಣನ ಪರ ಇರ್ಬೇಕಾದೋಳು ನಡುವೆ ಓಗಿ ಕೂತ್ಬುಟ್ಟೆ."

ಗಂಗಣ್ಣ ಒಳಗಿನಿಂದ ಬಂದು ಬಾಗಿಲಿಗೆ ಒರಗಿದ. "ಯಜಮಾನ್ರು ಕಳ್ಸಿದ್ರಾ?"

"ಹೂಂ. ಆದ್ರೆ ತಪ್ಪು ನನ್ನದೇ ಅಂತ ನಂಗೂ ಗೊತ್ತಾಗೈತೆ."

"ನಾನು ಎದ್ದು ಓಗ್ಬೌದಾಗಿತ್ತು. ಓಗ್ಲಿಲ್ಲ," ಎಂದ ಗಂಗಣ್ಣ. ಅಂಗಳಕ್ಕಿಳಿದು ಕೂತ. "ಒಂದು ಮಾತು ಕೇಳು ತಂಗಿ. ಜಮೀನು ಕೊಡು ಅಂದ್ರೆ ನಾನು ಕೊಡಾಕಿಲ್ಲ. ಅದುಕ್ಕೆ ನಂದೂ ಬೆವರು ಬಿದ್ದೈತೆ. ಬಾವಿ ನೀರು ಬೇಕಾದ್ರೆ ಅರ್ಧ ವಾರ ಅವ್ನು ತಿರುಗಿಸ್ಕಳ್ಳಿ. ಇದನ್ನ ನಿಮ್ ಸಾಹೇಬ್ರಿಗೆ ಏಳು. ಬೇರೆ ಯಾರ್ ಕಿವಿಗೂ ಬೀಳ್ಬಾರ್ದು. ಈ ಸಲನಾದ್ರೂ."

"ಬೀಳಾಕಿಲ್ಲಣ್ಣ."

ಹೊರಡುವಾಗ ಆ ಹೆಂಗಸು ಗೊಣಗುತ್ತಲೇ ಮಜ್ಜಿಗೆ ಕೊಟ್ಟಳು. ಒಂದು ಮುಷ್ಟಿ ಹುಣಸೆಹಣ್ಣನ್ನೂ ಸೆರಗಿಗೆ ಹಾಕಿದಳು. "ನಿಮ್ಮವ್ವಂಗೆ ಕೊಡು. ನಿಂಗಲ್ಲ," ಎಂದಳು.

ಮಧುಗಿರಿಯಲ್ಲಿ ಇಳಿದವಳು ನೇರ ಆಫೀಸಿಗೆ ನಡೆದಳು. ನಂದೀಶ್ವರಯ್ಯ ಏನೋ ಓದುತ್ತಿದ್ದರು. ದಾಸಯ್ಯ ಕಣ್ಣಿನಲ್ಲೇ 'ಕೂರಬೇಡ' ಎಂದ. ಅವಳು ನಿಂತೇ ತಪ್ಪಾಯಿತೆಂದಳು, ಗಂಗಣ್ಣನ ಮಾತನ್ನು ಒಂದಕ್ಷರ ಸೇರಿಸದೆ ಒಪ್ಪಿಸಿದಳು.

"ಜುಂಜಣ್ಣನ ಹತ್ರ ಹೋಗಿದ್ಯಾ?"

"ಇಲ್ಲ ಸಾರ್."

"ಯಾಕೆ? ಅಣ್ಣನ ಹತ್ರ ಹೋದೋಳು ತಮ್ಮನ ಹತ್ರಾನೂ ಹೋಗಬೇಕಲ್ಲ, ನಿಮ್ಮ ಲೆಕ್ಕದಲ್ಲಿ."

"ಅವರು ನಮ್ಮ ಕಕ್ಷಿಗಾರರಲ್ಲ ಸಾರ್."

ನಂದೀಶ್ವರಯ್ಯ ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಸಿರಾ ಕೋರ್ಟಲ್ಲಿ ಕೆಲಸ ಆಗಿದೆಯಂತೆ? ನಿಮ್ಮಪ್ಪ ಬಸ್ಸಲ್ಲೆಲ್ಲ ಹೇಳ್ಕೊಂಡು ಓಡಾಡ್ತಿದಾನೆ."

"ಆಗೈತೆ ಸಾರ್. ಸೋಮವಾರ ಕಡೇ ದಿನ."

"ಹೋಗ್ತೀಯಾ?"

ಇದನ್ನು ಅವಳಿಗೆ ಯಾರೂ ಹೀಗೆ ಕೇಳಿರಲಿಲ್ಲ. ಅಪ್ಪ ಹೋಗು ಎಂದಿದ್ದ. ಅವ್ವ ಸುಮ್ಮನಿದ್ದಳು. ಅಜ್ಜ ಎಲ್ಲಿಗಾದರೂ ಹೋಗು ಎಂದಿದ್ದ. ಈ ಆಫೀಸು ಮತ್ತೆ ಸಿಗುವುದೆಂಬ ಭರವಸೆಯೂ ಅವಳಿಗಿರಲಿಲ್ಲ.

"ಇಲ್ಲ ಸಾರ್. ನೀವು ಬ್ಯಾಡ ಅಂದ್ರೂ ಬೇರೆ ಆಫೀಸು ಹುಡುಕ್ತೀನಿ."

"ಎಲ್ಲಿ? ಪಾವಗಡದಲ್ಲಾ? ತೆಲುಗು ಬರುತ್ತಾ?"

"ಕಲೀತೀನಿ."

"ಟಿಕೇಟಿನ ಮಟ್ಟಿಗೆ," ಎಂದ ದಾಸಯ್ಯ. ಆ ಕಥೆ ಅಷ್ಟು ಹೊತ್ತಿಗೆ ಊರೆಲ್ಲ ಸುತ್ತಿತ್ತು.

ನಂದೀಶ್ವರಯ್ಯನವರ ಮೀಸೆ ಅಲ್ಲಾಡಿತು. "ಕೇಸು ಗೆಲ್ತೀವಿ ಅಂತ ಅಲ್ಲ. ಅದನ್ನ ನೀನು ಕೆಡಿಸಿದ್ದು ಕೆಡಿಸಿದ್ದೇ. ಜವಾಬು ತಿದ್ದಬೇಕು, ಎದುರಿನವರ ಕೈಕಾಲು ಹಿಡೀಬೇಕು, ನಾನು ನಾಲ್ಕು ಜನರ ಮುಂದೆ ನಗೆಪಾಟಲಾಗಬೇಕು. ಸೋಮವಾರ ಬಾ. ಕಂಬಳಿ ತರಬೇಡ."

*

ಸೋಮವಾರ ಬೆಳಿಗ್ಗೆ ಮಾರಣ್ಣ ಮಗಳ ಮುಖ ನೋಡದೆ ಚೀಲ ಹೆಗಲಿಗೇರಿಸಿದ. ಭಾನುವಾರವೆಲ್ಲ ಅವನು ಕೂಗಾಡಿ ಮುಗಿಸಿದ್ದ. ಸರ್ಕಾರಿ ಸಂಬಳ, ರಜೆ, ಪಿಂಚಣಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ಹೇಳಿದ್ದ. ಹೊನ್ನಕ್ಕ ಕೊನೆಗೆ ಕಡ್ಲೇಕಾಯಿ ಮೊರ ಕೆಳಗಿಟ್ಟು, "ಮೂರು ವರ್ಸ ಬಾನೆಟ್ ಮ್ಯಾಲೆ ಸುಟ್ಕಂಡು ಓದವ್ಳೆ. ಟೈಪ್ ಒಡಿಯಾಕೆ ಅಷ್ಟು ಸುಟ್ಕಬೇಕಾಗಿರ್ಲಿಲ್ಲ," ಎಂದಿದ್ದಳು. ಅವಳು ಅಷ್ಟು ಉದ್ದ ಮಾತಾಡಿದ್ದೇ ಅಪರೂಪ.

ಈಗ ಹೊಸ್ತಿಲು ದಾಟಿದ ಮಾರಣ್ಣ ಹಿಂದಿರುಗಿ ಬಂದ. "ಸಿರಾ ಗಾಡಿಯೋನಿಗೆ ಸೀಟು ಬ್ಯಾಡ ಅಂತ ಏಳ್ತೀನಿ," ಎಂದ ಗೋಡೆಗೆ. "ಸುಮ್ನೆ ಖಾಲಿ ಇಟ್ಕಂಡಿರ್ತಾನೆ, ಪಾಪ."

ಕೊಲ್ಲಾಪುರಮ್ಮ ನಾಗಕ್ಕನನ್ನು ಅಟ್ಟದ ಹತ್ತಿರ ಕರೆದಳು. ಇಲಿ ಕಡಿದ ಹಳೆಯ ಕಂಬಳಿಯೊಂದರ ಅಂಚನ್ನು ಕತ್ತರಿಸಿ, ಮಡಿಸಿ, ದಾರ ಸುತ್ತಿ ಬೆಣೆಯಷ್ಟು ಗಟ್ಟಿ ಮಾಡಿದ್ದಳು.

"ತರಬ್ಯಾಡ ಅಂದವ್ರೆ ಅಜ್ಜಿ."

"ಹಾಸೋಕೆ ತಾನೇ ಬ್ಯಾಡ ಅಂದಿದ್ದು? ಇದುನ್ನ ಆ ಕುಂಟು ಕಾಲಿಗಿಕ್ಕು. ನಿಮ್ಮಜ್ಜಂಗೆ ಏಳ್ಬ್ಯಾಡ."

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಅಂಜನಪ್ಪ, "ಇನ್ನೊಂದು ಸುತ್ತು ದಾರ ಸುತ್ತು. ಜಾರ್ತದೆ," ಎಂದ.

ಆಫೀಸಿನಲ್ಲಿ ಕುರ್ಚಿ ಅಲ್ಲಾಡಲಿಲ್ಲ. ನಾಗಕ್ಕ ಒಂದು ಪುಟ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ನಂದೀಶ್ವರಯ್ಯ ಕತ್ತೆತ್ತಿದರು. ಸದ್ದು ಇಲ್ಲದ್ದೇ ಅವರಿಗೆ ಕಿರಿಕಿರಿಯಾದಂತಿತ್ತು. ಬಗ್ಗಿ ಕುರ್ಚಿಯ ಕೆಳಗೆ ನೋಡಿದರು.

"ಏನದು?"

"ಕಂಬಳಿ ಚೂರು ಸಾರ್."

"ತರಬೇಡ ಅಂದಿದ್ದೆ."

"ಅದರ ಮೇಲೆ ಯಾರೂ ಕೂತಿಲ್ಲ ಸಾರ್. ಕುರ್ಚಿ ಒಂದೇ ಕೂತಿರೋದು."

ದಾಸಯ್ಯ ಕೆಮ್ಮಿದ. ನಂದೀಶ್ವರಯ್ಯ ಬಗ್ಗಿದ್ದವರು ನೆಟ್ಟಗಾದರು. ಅಷ್ಟರಲ್ಲಿ ಜಗುಲಿಯಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

"ನಾಗಕ್ಕ, ಗಂಗಣ್ಣ ಬಂದಿರಬೇಕು. ಒಳಗೆ ಕರಿ. ಒಬ್ಬನ್ನೇ."

ಅವಳು ಹೊರಗೆ ಬಂದಳು. ಗಂಗಣ್ಣ ಬರಿಯ ಕಲ್ಲು ಜಗುಲಿಯ ಪಕ್ಕದಲ್ಲಿ ನಿಂತಿದ್ದ, ಕೈಯಲ್ಲಿ ಕಾಗದದ ಸುರುಳಿ. ಬೀದಿಯಾಚೆ ಜುಂಜಣ್ಣ ಟೀ ಅಂಗಡಿಯ ಮುಂದೆ ಕೂತು ಇತ್ತಲೇ ನೋಡುತ್ತಿದ್ದ. ನಾಗಕ್ಕನಿಗೆ ಒಂದು ಕ್ಷಣ ಅವನನ್ನೂ ಕೂಗೋಣ ಎನಿಸಿತು. ಒಂದು ಲೋಟ ನೀರಾದರೂ ಕೊಡೋಣ ಎನಿಸಿತು. ಅವಳು ಕತ್ತು ತಿರುಗಿಸಿ ಗಂಗಣ್ಣನ ಮುಂದೆ ನಿಂತಳು.

"ಅಣ್ಣ, ಸಾಹೇಬ್ರು ನೀರಿನ ವಿಚಾರ ಮಾತಾಡ್ಬೇಕಂತೆ. ಒಳಗೆ ಬತ್ತೀರಾ?"

ಕೇಳಿ, ಅವನ ಉತ್ತರಕ್ಕೆ ಕಾದು ನಿಂತಳು.